ಗೋಡೆ ಬೆಚ್ಚಗಿತ್ತು

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಬಾಗಿಲ ಪಕ್ಕದ ಗೋಡೆಗೆ ಅಂಗೈ ಹಚ್ಚಿ ನೋಡುತ್ತೇವೆ. ಎಲ್ಲ ಮನೆಗಳಲ್ಲೂ ಆ ಜಾಗದ ಸುಣ್ಣ ಸವೆದು ಅಂಗೈಯಗಲ ಮಣ್ಣು ಕಾಣುತ್ತಿರುತ್ತದೆ. ಹಿರಿಯರು ಹೇಗಿದ್ದಾರೆ ಎಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಪದ್ಧತಿಯಲ್ಲ. ಗೋಡೆ ಬೆಚ್ಚಗಿದ್ದರೆ ಹಿರಿಯರು ಬೆಚ್ಚಗಿದ್ದಾರೆ, ತಣ್ಣಗಿದ್ದರೆ ಇಲ್ಲ. ಗೋಡೆ ಹೇಳಿದ್ದನ್ನೇ ಮತ್ತೆ ಮನುಷ್ಯರ ಬಾಯಿಂದ ಕೇಳುವವರನ್ನು ಜನ ತುಸು ದಡ್ಡರೆಂದೇ ತಿಳಿಯುತ್ತಾರೆ.

ಒಲೆ ನಮ್ಮಲ್ಲಿ ರೊಟ್ಟಿ ಬೇಯಿಸುತ್ತದೆ, ನೀರು ಕಾಯಿಸುತ್ತದೆ, ಅಷ್ಟೆ. ಕಾರ್ತಿಕ ಕಳೆದು ಬಯಲಿನ ಕಡೆಯಿಂದ ಗಾಳಿ ತಿರುಗಿತೆಂದರೆ ಮನೆಯನ್ನು ಬೆಚ್ಚಗಿಡುವುದು ಆ ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರ ಪಾಲಿಗೆ ಬರುತ್ತದೆ. ಅವರಿಗೆ ಒಳಗೆ ಎಷ್ಟು ಬೆಚ್ಚಗೆನಿಸುತ್ತದೋ ಮನೆಯೂ ಅಷ್ಟೇ ಬೆಚ್ಚಗೆ. ಹಾಗಾಗಿ ದೀಪಾವಳಿ ಮುಗಿಯುತ್ತಿದ್ದಂತೆ ಊರಿನ ಸೊಸೆಯಂದಿರ ದನಿ ಮೆತ್ತಗಾಗುತ್ತದೆ. ‘ಬ್ಯಾಸಗ್ಯಾಗ ಬೈದ ಬಾಯಿ ಥಂಡ್ಯಾಗ ಮುದ್ದಿಡತೈತಿ’ ಎಂಬ ಗಾದೆ ನಮ್ಮೂರಿನದೇ. ಹೆಣ್ಣು ಕೊಡುವವರು ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಮನೆಯಲ್ಲಿ ಹಿರಿಯರು ಯಾರಿದ್ದಾರೆ ಎಂದು ಕೇಳುತ್ತಾರೆ. ಕೆಳಗಿನ ಓಣಿಯಲ್ಲಿ ಒಬ್ಬ ಮುದುಕ ಜಿಲೇಬಿ ತಂದುಕೊಡದ ದಿನ ಬೇಕೆಂದೇ ತನ್ನ ಸತ್ತ ಎತ್ತನ್ನು ನೆನೆಸಿಕೊಂಡು ಕೂತುಬಿಡುತ್ತಿದ್ದನಂತೆ. ಸ್ವಲ್ಪ ಹೊತ್ತಿಗೆಲ್ಲ ಮಗ ಹಲ್ಲು ಕಟಕಟಿಸುತ್ತ ಪೇಟೆಗೆ ಓಡುತ್ತಿದ್ದ.

ನಮ್ಮ ಓಣಿಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಮನೆ ನಮ್ಮದಾಗಿತ್ತು. ಅಜ್ಜ ತೋಟಪ್ಪ ಗೋಲಿ ಸೋಡಾ ಮಾಡಿ ಮಾರುತ್ತಿದ್ದವನು. ಪೇಟೆಯ ಮೂಲೆಯಲ್ಲಿ ಅವನ ಸಣ್ಣ ಅಂಗಡಿ ಇತ್ತು. ಈಗ ಅಪ್ಪ ನಡೆಸುತ್ತಾನೆ. ಬೇಸಿಗೆಯಲ್ಲಿ ಸೋಡಾ, ಮಳೆಗಾಲದಲ್ಲಿ ಅರ್ಧ ಬಾಗಿಲು, ಚಳಿಗಾಲದಲ್ಲಿ ಬೀಗ. ‘ತೋಟಪ್ಪ ಬ್ಯಾಸಗ್ಯಾಗ ಥಂಡಿ ಮಾರ್ತಾನ, ಥಂಡ್ಯಾಗ ಬೆಚ್ಚಗ ಪುಕ್ಕಟೆ ಹಂಚ್ತಾನ’ ಎಂದು ಜನ ನಗುತ್ತಿದ್ದರು. ಪುಕ್ಕಟೆ ಹಂಚುತ್ತಿದ್ದದ್ದು ನಿಜವೇ. ಸಂಜೆಯಾದರೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಬ್ಬರು ಹತ್ತಿ ಬತ್ತಿ ಹೊಸೆಯುತ್ತ, ಒಬ್ಬರು ಕಡಲೆ ಸುಲಿಯುತ್ತ, ಪಕ್ಕದ ಮನೆಯ ನಿಂಬೆವ್ವ ಯಾರದೋ ಮನೆಯ ಸುದ್ದಿ ಬಿಡಿಸುತ್ತ, ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದರು. ಅಜ್ಜ ತನ್ನ ಹೊರಸಿನ ಮೇಲೆ, ಹಗ್ಗದ ಆ ಹಳೆಯ ಮಂಚದ ಮೇಲೆ, ಸುಮ್ಮನೆ ಕೂತಿರುತ್ತಿದ್ದ. ಅವನು ಹೆಚ್ಚು ಮಾತಿನವನಲ್ಲ. ನನಗೆ ಮಾತು ಕಡಿಮೆ ಬಂದದ್ದು ಅವನಿಂದಲೇ.

ಆಯಿ, ಅಂದರೆ ನಮ್ಮ ಅಜ್ಜಿ ಸಾವಂತ್ರವ್ವ, ಮಾತಿನವಳು. ಅವಳಿಗೊಂದು ವಿಚಿತ್ರ ರೂಢಿ ಇತ್ತು. ಬೆಳಗ್ಗೆ ಚಾ ಹಿಡಿದು ಹೊರಸಿನ ಹತ್ತಿರ ಬಂದು, “ಥಂಡಿ ಆಗೇತೇನ್ರಿ?” ಎಂದು ಕೇಳುತ್ತಿದ್ದಳು. ಗೋಡೆ ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಹಿತವಾಗಿರುತ್ತಿತ್ತು. ಆದರೂ ಕೇಳುತ್ತಿದ್ದಳು.

“ಗ್ವಾಡಿ ಮುಟ್ಟಿ ನೋಡು. ನನ್ನ್ಯಾಕ ಕೇಳ್ತಿ?” ಎನ್ನುತ್ತಿದ್ದ ಅಜ್ಜ.

“ಗ್ವಾಡಿ ಕೈಲೆ ತಾಳಿ ಕಟ್ಟಿಸ್ಕೊಂಡೀನೇನ ನಾ?”

ಕೇಳಿದವರೆಲ್ಲ ನಗುತ್ತಿದ್ದರು. ಆಯಿ ಸ್ವಲ್ಪ ದಡ್ಡಿ ಎಂಬುದು ಓಣಿಗೆಲ್ಲ ಗೊತ್ತಿದ್ದ ವಿಷಯ. ನಾನೂ ನಕ್ಕಿದ್ದೇನೆ. ಅಜ್ಜ ಮಾತ್ರ ನಗದೆ, ಚಾ ಬಸಿಗೆ ಹಾಕಿಕೊಂಡು, “ಇಲ್ಲ ಬಿಡು” ಎನ್ನುತ್ತಿದ್ದ. ಅವಳು ಅದನ್ನು ಕೇಳಿಕೊಂಡೇ ಒಳಗೆ ಹೋಗುತ್ತಿದ್ದಳು.

ಆಯಿ ಶ್ರಾವಣದಲ್ಲಿ ಸತ್ತಳು. ಆಗಿನ್ನೂ ಮಳೆಗಾಲ, ಗೋಡೆಗಳು ಯಾವುದನ್ನೂ ಹೇಳುವ ಕಾಲವಲ್ಲ. ಅಜ್ಜ ಅತ್ತದ್ದನ್ನು ನಾವು ನೋಡಲಿಲ್ಲ. ಊಟ ಮಾಡುತ್ತಿದ್ದ, ಅಂಗಡಿಗೆ ಹೋಗಿ ಬರುತ್ತಿದ್ದ, ಕರೆದರೆ ಓಗೊಡುತ್ತಿದ್ದ. ಗಟ್ಟಿ ಮನುಷ್ಯ ಎಂದರು ಎಲ್ಲರೂ. ನಾನು ಆ ವರ್ಷ ತತ್ವಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಮನೆಗೆ ಬಂದು ಕೂತಿದ್ದೆ. ಏನು ಮಾಡಬೇಕೆಂದು ತಿಳಿದಿರಲಿಲ್ಲ. ತಿಳಿದಿಲ್ಲ ಎಂದು ಹೇಳುವುದೂ ಬೇಡವೆನಿಸಿ ಅಜ್ಜನ ಜೊತೆ ಸೋಡಾ ಬಾಟಲಿ ತೊಳೆಯುತ್ತಿದ್ದೆ. “ಡಿಗ್ರಿ ಮುಗೀತಂತ, ಅದರ ಜೋಡಿ ಮಾತೂ ಮುಗದು ಹ್ವಾದುವೇನೋ ತಮ್ಮಾ?” ಎಂದು ನಿಂಬೆವ್ವ ಕಾಡಿಸುತ್ತಿದ್ದಳು. ನನ್ನ ಮತ್ತು ಅಜ್ಜನ ನಡುವೆ ಇದ್ದ ಮೌನ ಒಂದೇ ಬಗೆಯದು ಎಂದು ನಾನು ತಿಳಿದಿದ್ದೆ. ಬ್ರಷ್ಷಿನ ಸದ್ದು, ಗೋಲಿ ಬಾಟಲಿಯ ಕುತ್ತಿಗೆಗೆ ತಾಗಿ ಟಕ್ಕೆನ್ನುವ ಸದ್ದು, ಮತ್ತೆ ಏನೂ ಇಲ್ಲ. ಅದರಲ್ಲಿ ನನಗೆ ಸುಖವಿತ್ತು. ಅವನಿಗೂ ಇರಬೇಕು ಅಂದುಕೊಂಡೆ.

ದಸರೆ ಕಳೆದ ಮೇಲೆ ಅಕ್ಕ ಅನಸೂಯಾ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಅದೇ ವಾರ ಗಾಳಿ ತಿರುಗಿತು.

ಮೊದಲ ದಿನ ಅವ್ವ ಬೆಳಗ್ಗೆ ಅಂಗಳ ಗುಡಿಸಿ ಬಂದವಳು ಅಭ್ಯಾಸದಂತೆ ಗೋಡೆಗೆ ಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಗೋಡೆ ಬಾವಿಯ ಕಲ್ಲಿನಂತಿತ್ತು. ಒಳಗೆ ಅಜ್ಜ ಹೊರಸಿನ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ಮಾವಾರ, ಚಾ ತಗೋರಿ.”

“ಹೂಂ. ನಂಗೇನ ಥಂಡಿ ಇಲ್ಲವ್ವಾ,” ಎಂದ ಅಜ್ಜ. ಯಾರೂ ಕೇಳಿರಲಿಲ್ಲ.

ಅಂಥ ಚಳಿಗಾಲ ನಮ್ಮ ಮನೆ ಕಂಡಿರಲಿಲ್ಲ. ಎಣ್ಣೆ ಗಿಂಡಿಯಲ್ಲೇ ಹೆಪ್ಪುಗಟ್ಟಿತು. ಪಡಸಾಲೆಯ ಮಂದಿ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಬಾಗಿಲವರೆಗೆ ಬಂದು, ಗೋಡೆ ಮುಟ್ಟಿ, ಏನೋ ಕೆಲಸ ನೆನಪಾದವರಂತೆ ತಿರುಗಿ ಹೋಗುತ್ತಿದ್ದರು. ಅವ್ವ ಮಾಡದ ಉಪಾಯವಿಲ್ಲ. ಮೆಣಸಿನ ಕಷಾಯ, ಎಳ್ಳೆಣ್ಣೆ, ಬೆಲ್ಲ ಹಾಕಿದ ಅಂಟಿನುಂಡಿ, ಒಂದರ ಮೇಲೊಂದು ಕೌದಿ. ಅಜ್ಜ ಎಲ್ಲದಕ್ಕೂ ಮೈ ಒಡ್ಡಿದ. ಅಂಗಿಯ ಮೇಲೆ ಅಂಗಿ ಹಾಕಿಕೊಂಡ. ಅವನಿಗೆ ನಾಚಿಕೆಯಾಗುತ್ತಿತ್ತು ಎಂದು ಕಾಣುತ್ತದೆ. ಬಿಸಿಲು ಬರುತ್ತಲೂ ಮಾಳಿಗೆ ಹತ್ತಿ, ಮೈಯೆಲ್ಲ ಬಿಸಿಲಿಗೊಡ್ಡಿ, ಮುಖ ಕೆಂಪಗಾಗುವ ತನಕ ಕೂತು, ನಂತರ ಅವಸರದಿಂದ ಮೆಟ್ಟಿಲಿಳಿದು ಒಳಗೆ ಬರುತ್ತಿದ್ದ. ತುಳುಕುವ ಕೊಡ ಹೊತ್ತವರು ನಡೆಯುತ್ತಾರಲ್ಲ, ಹಾಗೆ.

“ಕಾಯಿಸ್ಕೊಂಡು ಬಂದೀನಿ. ಈಗ ಮುಟ್ಟಿ ನೋಡ್ರಿ,” ಎನ್ನುತ್ತಿದ್ದ.

ಅಪ್ಪ ಮುಟ್ಟಿ ನೋಡುತ್ತಿದ್ದ. “ಹಾ, ಸ್ವಲ್ಪ ಬೆಚ್ಚಗಾಗೇತಿ ನೋಡಪಾ,” ಎನ್ನುತ್ತಿದ್ದ. ಅಜ್ಜ ತಾನೂ ಮುಟ್ಟಿ ನೋಡಿ ಇನ್ನೊಂದು ಅಂಗಿ ಹಾಕಿಕೊಳ್ಳುತ್ತಿದ್ದ.

ನಾವಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆವು. ಆದರೆ ಒಳಗಿನ ಕೋಣೆಯಲ್ಲಿ ಕೂಸಿತ್ತು. ನೀರೆರೆಯಲು ಬರುತ್ತಿದ್ದ ಮುದುಕಿ ಒಂದು ದಿನ ಅದರ ಅಂಗಾಲನ್ನು ದೀಪದ ಬೆಳಕಿಗೆ ಹಿಡಿದು, “ನೀಲಿ ಆಗಾಕತ್ತಾವು. ಹಿಂಗಾದ್ರ ಕೂಸು ಉಳಿಯಾಂಗಿಲ್ಲವ್ವ, ಹೇಳಿಲ್ಲ ಅನಬ್ಯಾಡ್ರಿ,” ಎಂದಳು. ಅಕ್ಕ ಅವತ್ತಿನಿಂದ ಕೂಸನ್ನು ಕುಪ್ಪಸದೊಳಗೇ ಇಟ್ಟುಕೊಂಡು ಕೂತಳು. ಅವಳು ಅಜ್ಜನನ್ನು ಏನೂ ಅನ್ನಲಿಲ್ಲ. ಆದರೆ ಅವನು ಬಾಗಿಲಲ್ಲಿ ನಿಂತು ಇಣುಕಿದರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದಳು.

ನಮ್ಮಲ್ಲಿ ಹಿರಿಯರನ್ನು ಕಡ ತರುವ ರೂಢಿ ಇದೆ. ಹೊಸದಾಗಿ ಬೇರೆ ಮನೆ ಹೂಡಿದ ಗಂಡ ಹೆಂಡತಿ, ಹಿರಿಯರೇ ಇಲ್ಲದ ಮನೆಯವರು, ಎರಡು ಹಿರಿತಲೆ ಇರುವ ಮನೆಗೆ ಹೋಗಿ ಉಡಿ ತುಂಬಿ ಒಬ್ಬರನ್ನು ಕರೆದುಕೊಂಡು ಬರುತ್ತಾರೆ. ಶಿವರಾತ್ರಿ ಕಳೆದ ಮೇಲೆ ಹೊಸ ಬಟ್ಟೆ ಉಡಿಸಿ ತಿರುಗಿ ಬಿಟ್ಟು ಬರುತ್ತಾರೆ. ಆದರೆ ಹಿರಿಯರಿದ್ದ ಮನೆಗೆ ಅವರಿಗಿಂತ ಹಿರಿಯರನ್ನು ತಂದದ್ದನ್ನು ನಾನು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ. ಅವನು ಅಡುಗೆ ಮನೆಯಲ್ಲಿ ಕೂತು ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕುತ್ತಿದ್ದ.

“ಮ್ಯಾಲಿನ ಓಣಿ ಬಂಗಾರೆವ್ವನ್ನ ಕರ್ಕೊಂಡು ಬರೂನು,” ಎಂದಳು ಅವ್ವ.

“ಅಪ್ಪಾ ಇನ್ನೂ ಕುಂತಾನ ಮನ್ಯಾಗ.”

“ಕುಂತಾರ, ಯಾರಿಲ್ಲಂತಾರ? ಅವರಿಗೂ ಬೆಚ್ಚಗಾಗತೈತಲ್ಲ? ಕೂಸಿನ ಮಾರಿ ನೋಡ್ರಿ ಒಂಚೂರು.”

ಅಪ್ಪ ಕಡ್ಡಿಯನ್ನು ಒಲೆಗೆ ಎಸೆದು ನನ್ನ ಕಡೆ ನೋಡಿದ. “ನೀ ಹೇಳೋ. ನೀ ಓದಿದಂವ. ನಿನ್ನ ಮಾತ ಹಗುರ ಇರತೈತಿ. ನನ್ನ ಬಾಯಾಗ ಅದು ಬ್ಯಾರೇನ ಆಗತೈತಿ.”

ಅಜ್ಜ ಅಂಗಳದಲ್ಲಿ ಒಡೆದ ಬಾಟಲಿಗಳ ಗೋಲಿಗಳನ್ನು ಬೋಗುಣಿಯಲ್ಲಿ ಹಾಕಿ ಹುಣಸೆಹಣ್ಣಿನ ನೀರಿನಲ್ಲಿ ತಿಕ್ಕುತ್ತಿದ್ದ. ಬೇಸಿಗೆಗೆ ಬಹಳ ದೂರವಿತ್ತು. ನಾನೂ ಹತ್ತಿರ ಕೂತು ಒಂದು ಹಿಡಿ ಗೋಲಿ ತೆಗೆದುಕೊಂಡೆ.

“ಅಜ್ಜಾ, ಕೂಸಿಗೆ ಥಂಡಿ ಆಗಾಕತ್ತೈತಿ.”

“ಗೊತ್ತೈತಿ.”

“ಬಂಗಾರೆವ್ವನ್ನ ಕರ್ಕೊಂಡು ಬರೂನು ಅಂತಾರ ಅವ್ವ ಅಪ್ಪ.”

ಅವನು ಒಂದು ಗೋಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಅದರಲ್ಲಿ ಏನೂ ಕೊಳೆ ಇರಲಿಲ್ಲ.

“ಆಕಿ ನನಗಿಂತ ಹಿರ್ಯಾಕಿ ಹೌದಲ್ಲ?”

“ಹೌದಂತ.”

“ಖರೇನ ಹಿರ್ಯಾಕಿನ? ಕೇಳಿಕೊಂಡು ಬರ್ರಿ ಮತ್ತ. ಇಲ್ಲಂದ್ರ ಕರ್ಕೊಂಡು ಬಂದೂ ಉಪಯೋಗಿಲ್ಲ.” ಅಷ್ಟು ಹೇಳಿ ಗೋಲಿಯನ್ನು ನೀರಿಗೆ ಬಿಟ್ಟ. ಇನ್ನೂ ಏನೋ ಹೇಳುವವನಂತೆ ಬಾಯಿ ತೆರೆದು ಮುಚ್ಚಿದ. ನಾನು ಕಾಯಲಿಲ್ಲ ಎನ್ನಲಾರೆ, ಕಾದೆ. ಆದರೆ ಏನು ಎಂದು ಕೇಳಲಿಲ್ಲ. ಮೌನವನ್ನು ಗೌರವಿಸಬೇಕು ಎಂದು ನಾನು ಎಲ್ಲೋ ಓದಿ ನಂಬಿಕೊಂಡಿದ್ದ ಕಾಲ ಅದು.

ಬಂಗಾರೆವ್ವ ಮರುದಿನವೇ ಟಾಂಗಾದಲ್ಲಿ ಬಂದಿಳಿದಳು. ದೊಡ್ಡ ಮೈಯ, ದೊಡ್ಡ ನಗೆಯ ಹೆಂಗಸು. ಹಲ್ಲಿಲ್ಲದ ಬಾಯಿ ತುಂಬ ಕುಟ್ಟಿದ ಎಲೆ ಅಡಿಕೆ. ಅವಳ ಕೌದಿಯೇ ಒಂದು ಗಂಟು, ಎಲೆ ಅಡಿಕೆ ಕುಟ್ಟುವ ಒರಳು ಇನ್ನೊಂದು ಗಂಟು. ಹೊಸ್ತಿಲು ದಾಟುತ್ತಲೇ ಪಡಸಾಲೆಯ ಮೂಲೆಯಲ್ಲಿ ಮುದುಡಿದ್ದ ಬೆಕ್ಕು ಎದ್ದು ಮೈ ಮುರಿಯಿತು. ಅವಳು ಚಾ ಕುಡಿದು ಮುಗಿಸುವಷ್ಟರಲ್ಲಿ ಗಿಂಡಿಯ ಎಣ್ಣೆ ಕರಗಿತ್ತು. ಒಳಕೋಣೆಯಿಂದ ಅಕ್ಕ ಅಳುತ್ತಿದ್ದದ್ದು ಕೇಳಿಸಿತು. ಹೋಗಿ ನೋಡಿದರೆ ಕೂಸನ್ನು ಕುಪ್ಪಸದಿಂದ ಹೊರಗೆ ತೆಗೆದು ಚಾಪೆಯ ಮೇಲೆ ಮಲಗಿಸಿದ್ದಳು. ಅದು ಕಾಲು ಒದೆಯುತ್ತಿತ್ತು.

“ಏನೋ ತೋಟ್ಯಾ, ಸೋಡಾ ಕುಡಿದು ಕುಡಿದು ಹೊಟ್ಟ್ಯಾಗ ಬರೇ ಗ್ಯಾಸ ಉಳಿಸಿಕೊಂಡೀ ಏನು? ಮನಿ ಹೆಂಗ ಮಾಡಿಟ್ಟೀಯೋ!” ಎಂದಳು ಬಂಗಾರೆವ್ವ.

ಅಜ್ಜ ನಕ್ಕ. ಆಯಿ ಹೋದ ಮೇಲೆ ಅವನು ನಕ್ಕದ್ದನ್ನು ಅವತ್ತೇ ನೋಡಿದ್ದು. ಎದ್ದು ನಿಂತು, ತನ್ನ ಹೊರಸನ್ನು ಅವಳಿಗೆ ಬಿಟ್ಟುಕೊಟ್ಟು, ಬಾಗಿಲ ಹತ್ತಿರ ಚಾಪೆ ಹಾಸಿಕೊಂಡ. ಬೇಡವೆಂದರೂ ಕೇಳಲಿಲ್ಲ. “ಅದು ಮನಿ ಕಾಯೋರ ಜಾಗಾ. ನನ್ನ ನೌಕರಿ ಮುಗೀತು,” ಎಂದ. ಒಂದರ ಮೇಲೊಂದು ಹಾಕಿಕೊಂಡಿದ್ದ ಅಂಗಿಗಳನ್ನು ಬಿಚ್ಚಿ ಮಡಿಸಿಟ್ಟ. ಸಂಜೆ ನನ್ನ ಪಕ್ಕ ಕೂತು ಮೆಲ್ಲಗೆ, “ಈಗ ಆರಾಮ ಆತು ನೋಡು. ಹೆಂಗ ಇದ್ರೂ ನಡೀತೈತಿ,” ಎಂದ. ಅದನ್ನು ನಾನು ಸಮಾಧಾನದ ಮಾತು ಎಂದು ತೆಗೆದುಕೊಂಡೆ.

ಮನೆ ಮತ್ತೆ ತುಂಬಿತು. ಬತ್ತಿ ಹೊಸೆಯುವವರು, ಕಡಲೆ ಸುಲಿಯುವವರು, ನಿಂಬೆವ್ವ, ಎಲ್ಲರೂ ಬಂದರು. ಬಂಗಾರೆವ್ವನಿಗೆ ಊರಿನ ಮನೆಗಳೆಲ್ಲ ಗೊತ್ತು. ಒಂದೊಂದು ಚಳಿಗಾಲ ಒಂದೊಂದು ಮನೆಯಲ್ಲಿ ಕಳೆದವಳು. ಯಾವ ಮನೆಯ ಸೊಸೆ ಹೇಗೆ, ಯಾರ ಬೇಳೆಯಲ್ಲಿ ನೀರೆಷ್ಟು ಎಂದು ಹೇಳಿ ನಗಿಸುತ್ತಿದ್ದಳು. ಕೂಸು ಅವಳ ತೊಡೆಯ ಮೇಲೆ ದುಂಡಗಾಯಿತು. ಯಾರು ಬಂದರೂ ಗೋಡೆ ಮುಟ್ಟಿ “ಆಹಾ” ಎನ್ನುತ್ತಿದ್ದರು. ಅವ್ವನ ಹಣೆಯ ಗಂಟು ಸಡಿಲಾಯಿತು. ಅಪ್ಪ ರಾತ್ರಿ ಊಟಕ್ಕೆ ಕೂತಾಗ ಹಾಡು ಗುನುಗಲು ಶುರುಮಾಡಿದ. ಅಜ್ಜನಿಗೆ ಕಷಾಯ ಮಾಡಿಕೊಡುವುದು ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ಯಾರೂ ಬೇಕೆಂದು ನಿಲ್ಲಿಸಲಿಲ್ಲ. ಗೋಡೆ ಬೆಚ್ಚಗಿತ್ತು, ಅಷ್ಟೆ.

ಅಜ್ಜ ಬೆಳಗಿನ ಚಾ ಮುಗಿಸಿ ಅಂಗಡಿಗೆ ಹೋಗತೊಡಗಿದ. ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿರುತ್ತಿದ್ದ. ಮಧ್ಯಾಹ್ನ ಅಲ್ಲೇ ಗೋಣಿತಟ್ಟಿನ ಮೇಲೆ ಮಲಗುತ್ತಿದ್ದ. “ಮುದುಕಗ ಹೊತ್ತು ಹೋಗಬೇಕಲ್ಲ,” ಎಂದ ಅಪ್ಪ. ಒಂದು ದಿನ ಅವ್ವ ಬುತ್ತಿ ಕಟ್ಟಿಕೊಟ್ಟಳು, ನಾನು ಒಯ್ದೆ. ಬಾಗಿಲು ತೆರೆದಾಗ ಒಳಗಿನ ಚಳಿ ಮುಖಕ್ಕೆ ಹೊಡೆಯಿತು. ಹೊರಗೆ ಬಿಸಿಲಿತ್ತು. ಒಳಗೆ ನನ್ನ ಉಸಿರು ಬೆಳ್ಳಗೆ ಕಾಣುತ್ತಿತ್ತು. ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ ಬಾಟಲಿಗಳಿಗೆಲ್ಲ ಮಂಜು ಹಿಡಿದು, ಒಳಗಿನ ಗೋಲಿ ಕಾಣದಂತಾಗಿತ್ತು. ಅಜ್ಜ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದ.

“ಇಲ್ಲಿ ಭಾಳ ಥಂಡಿ ಐತಲ್ಲಜ್ಜಾ,” ಎಂದೆ. ಅಂಗಡಿಯ ಬಗ್ಗೆ ಹೇಳಿದ್ದೆ ನಾನು.

“ಬೀಗ ಹಾಕಿದ ಅಂಗಡಿ. ಇರತೈತಿ,” ಎಂದ ಅಜ್ಜ.

ಹೌದಲ್ಲ, ಬೀಗ ಹಾಕಿದ ಅಂಗಡಿ, ತಗಡಿನ ಮಾಡು, ಬಿಸಿಲು ಬೀಳದ ಮೂಲೆ. ಎಲ್ಲಕ್ಕೂ ಕಾರಣ ಹುಡುಕುವುದನ್ನು ನನಗೆ ಕಲಿಸಿದ್ದರು. ಮನೆಯ ನಿಯಮ ಅಂಗಡಿಗೆ ಏಕೆ ಬರಬೇಕು ಅಂದುಕೊಂಡೆ. ಬುತ್ತಿ ಬಿಚ್ಚಿಟ್ಟು ಅವನ ಪಕ್ಕ ಕೂತೆ. ಅವನು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟ. ಇಬ್ಬರೂ ಮಾತಾಡದೆ ತಿಂದೆವು. ಅವನ ಬೆರಳು ನನ್ನ ಬೆರಳಿಗೆ ತಾಗಿದಾಗ ತಣ್ಣಗಿದ್ದವು. ನನ್ನವೂ ತಣ್ಣಗೇ ಇದ್ದವು. ಹೊರಡುವಾಗ ಅವನು, “ನಿಮ್ಮ ಆಯಿ ಚಾ ತಂದಾಗ ಒಂದು ಮಾತು ಕೇಳ್ತಿದ್ಲು. ನೆನಪೈತೇನು?” ಎಂದ.

“ಹೂಂ,” ಎಂದೆ ನಗುತ್ತ.

“ಹುಚ್ಚಿ,” ಎಂದ ಅವನೂ ನಗುತ್ತ. ಬಾಗಿಲು ಎಳೆದುಕೊಂಡು ನಾನು ಬಿಸಿಲಿಗೆ ಬಂದೆ. ಬಿಸಿಲು ಹಿತವಾಗಿತ್ತು.

ಭೋಗಿಯ ದಿನ ಬೆಳಗ್ಗೆ ಮನೆ ತುಂಬ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ. ಅವ್ವ ಒಲೆಯ ಮುಂದೆ, ಅಕ್ಕ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಬಂಗಾರೆವ್ವ ಹೊರಸಿನ ಮೇಲೆ ಕೂಸಿಗೆ ಜೋಗುಳ ಹಾಡುತ್ತಿದ್ದಳು. ಬಾಗಿಲ ಹತ್ತಿರ ಅಜ್ಜ ಇನ್ನೂ ಎದ್ದಿರಲಿಲ್ಲ. ಅವ್ವ ಚಾ ತಂದು ಅವನ ತಲೆಯ ಹತ್ತಿರ ಇಟ್ಟು, “ಮಾವಾರ, ಚಾ,” ಎಂದು ಹೇಳಿ ಒಳಗೆ ಹೋದಳು. ಹಬ್ಬದ ಗಡಿಬಿಡಿ. ನಾನು ಅವನನ್ನು ದಾಟಿ ಹೊರಗೆ ಹೋದೆ, ದಾಟಿ ಒಳಗೆ ಬಂದೆ. ಅಪ್ಪ ಅಂಗಳದಲ್ಲಿ ಕಬ್ಬು ಸಿಗಿಯುತ್ತಿದ್ದ. ಬಿಸಿಲು ಹೊಸ್ತಿಲ ತನಕ ಬಂದಾಗ ಅವ್ವ ಇನ್ನೊಂದು ಸಲ ಚಾ ತಂದಳು. ಮೊದಲಿನ ಚಾ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಅವಳು ಬಗ್ಗಿ ಕೌದಿ ಸರಿಸಿದಳು.

ನಮ್ಮೂರಿನಲ್ಲಿ ಮನೆಯ ಹಿರಿಯರು ಹೋದರೆ ಯಾರೂ ಹೇಳಿಕಳಿಸಬೇಕಾಗಿಲ್ಲ. ಗೋಡೆಗಳು ಒಮ್ಮೆಲೇ ತಣ್ಣಗಾಗುತ್ತವೆ. ಗೋಡೆಗೆ ಗೋಡೆ ಹೊಂದಿಕೊಂಡ ಮನೆಗಳಲ್ಲಿ ಪಕ್ಕದವರಿಗೆ ಮೊದಲು ಗೊತ್ತಾಗುತ್ತದೆ. ಮನೆಯವರ ಅಳು ಏಳುವ ಮೊದಲೇ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಂತಿರುತ್ತಾರೆ. ಅವತ್ತು ಯಾರೂ ಬರಲಿಲ್ಲ. ಅವ್ವ ಚೀರಿದ ಮೇಲೆ ನಿಂಬೆವ್ವ ಓಡಿ ಬಂದಳು. ಬಂದವಳು ಬಾಗಿಲಲ್ಲಿ ನಿಂತು ಅಭ್ಯಾಸದಂತೆ ಗೋಡೆಗೆ ಕೈ ಹಚ್ಚಿ ಬೆಚ್ಚಿದಳು.

“ಏ, ಗ್ವಾಡಿ ಬೆಚ್ಚಗೈತಲ್ಲವಾ! ಹೆಂಗ ಹ್ವಾದಾ ಅಂತೀರಿ? ಸರಿಯಾಗಿ ನೋಡ್ರಿ. ಮಲಗಿರಬೇಕು!”

ಅವಳ ಹಿಂದೆ ಬಂದವರೂ ಒಬ್ಬೊಬ್ಬರಾಗಿ ಗೋಡೆ ಮುಟ್ಟಿದರು. ಅವರಿಗೆ ನಂಬಿಕೆಯಾಗಲಿಲ್ಲ. ಒಬ್ಬನಂತೂ ಅಪ್ಪನ ಮೇಲೆ ರೇಗಿದ. ಅಪ್ಪ ಕಬ್ಬಿನ ಸಿಪ್ಪೆ ಅಂಟಿದ ಕೈಯಲ್ಲೇ ಅಜ್ಜನ ಪಾದ ಹಿಡಿದು ಕೂತಿದ್ದ. ಯಾವಾಗ ಹೋದನೋ ಯಾರಿಗೂ ಹೇಳಲು ಬರಲಿಲ್ಲ. ಬೆಳಗಿನ ಜಾವವೋ, ಜೋಗುಳದ ಹೊತ್ತಿಗೋ, ನಾನು ಅವನನ್ನು ದಾಟುತ್ತಿದ್ದಾಗಲೋ. ಮನೆ ಏನೂ ಹೇಳಲಿಲ್ಲ. ಪಡಸಾಲೆ ನಿನ್ನೆಯಷ್ಟೇ, ಮೊನ್ನೆಯಷ್ಟೇ ಹಿತವಾಗಿತ್ತು. ಬೆಕ್ಕು ಅವನ ಕಾಲ ಬಳಿಯೇ ಮಲಗಿ ಗುರುಗುಡುತ್ತಿತ್ತು.

ಬಂಗಾರೆವ್ವ ಅಷ್ಟು ಹೊತ್ತೂ ಕೂಸನ್ನು ಎದೆಗವಚಿ ಹಿಡಿದು ನೋಡುತ್ತಿದ್ದಳು. ಅವಳ ಮುಖದಲ್ಲಿ ಆ ನಗೆಯ ಗುರುತೂ ಉಳಿದಿರಲಿಲ್ಲ. ಕೂಸನ್ನು ನಿಂಬೆವ್ವನ ಕೈಗೆ ಕೊಟ್ಟಳು.

“ಇದನ್ನ ನಿನ್ನ ಮನಿಗಿ ಒಯ್ಯಿ. ಬಾಣಂತೀನ್ನೂ ಕರ್ಕೊಂಡು ಹೋಗು,” ಎಂದಳು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ತನ್ನ ಕೌದಿ ಎಳೆದುಕೊಂಡಳು.

“ಎಲ್ಲಿಗಿ ಹೊಂಟ್ರಿ ಆಯಿ?” ಎಂದ ಅಪ್ಪ.

“ಹೊರಗ ಕುಂದರ್ತೀನೋ ಯಪ್ಪಾ. ನಾ ಇಲ್ಲೇ ಇದ್ರ ಇದು ತಣ್ಣಗಾಗಾಂಗಿಲ್ಲ. ಇದು ಅವನ ಮನಿ. ಅವಗ ಇದು ತಣ್ಣಗ ಆಗಬೇಕೋ ಬ್ಯಾಡೋ?”

ಅವಳು ಹೊಸ್ತಿಲು ದಾಟಿ, ಅಂಗಳವನ್ನೂ ದಾಟಿ, ಓಣಿಯ ಆಚೆ ಬದಿಯ ಕಲ್ಲಿನ ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತಳು. ಆಗ ಮನೆ ತಣ್ಣಗಾಯಿತು. ಮೊದಲು ನೆಲ, ಆಮೇಲೆ ಗೋಡೆ, ಆಮೇಲೆ ಗಿಂಡಿಯ ಎಣ್ಣೆ. ನಾವೆಲ್ಲ ಅದನ್ನು ನೋಡುತ್ತ ನಿಂತೆವು. ಅಪ್ಪನಿಗೆ ಆಗ ಅಳು ಬಂತು.

ನಾನು ಅವಳಿಗೆ ಒಂದು ಲೋಟ ಚಾ ಒಯ್ದುಕೊಟ್ಟೆ. ಅವಳು ಎರಡೂ ಕೈಯಿಂದ ಲೋಟ ಹಿಡಿದುಕೊಂಡು ಎಷ್ಟೋ ಹೊತ್ತು ಕುಡಿಯದೆ ಕೂತಳು.

“ತಮ್ಮಾ, ನಾ ಊರಾಗಿನ ಎಲ್ಲಾ ಮನಿ ಕಂಡಾಕಿ. ಆದ್ರ ಥಂಡಿ ಮನಿ ಹೆಂಗಿರತೈತಿ ಅಂತ ನಂಗ ಗೊತ್ತಿಲ್ಲ. ನಾ ಕಾಲಿಟ್ಟ ಮ್ಯಾಲೆ ಎಲ್ಲಾ ಬೆಚ್ಚಗಾಗಿಬಿಡ್ತಾವಲ್ಲ. ಅವಗ ಥಂಡಿ ಆಗಿತ್ತೇನು?”

ಮಣ್ಣು ಮಾಡಿ ಬಂದ ಮೇಲೆ ಅಂಗಡಿಯ ಕೀಲಿ ತೆಗೆದುಕೊಂಡು ಪೇಟೆಗೆ ಹೋದೆ. ಬಾಗಿಲು ತೆರೆದೆ. ಒಳಗೆ ಸಾಮಾನ್ಯವಾದ ಚಳಿ, ಯಾವ ಮುಚ್ಚಿದ ಕೋಣೆಯಲ್ಲಾದರೂ ಇರುವಷ್ಟು. ನನ್ನ ಉಸಿರು ಕಾಣಲಿಲ್ಲ. ಬಾಟಲಿಗಳ ಮೇಲಿನ ಮಂಜು ಆರಿ, ಸಾಲಿಗೆ ಸಾಲು ಹಸಿರು ಗಾಜು ಹೊಳೆಯುತ್ತಿತ್ತು. ಪ್ರತಿಯೊಂದರಲ್ಲೂ ಗೋಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಗೋಣಿತಟ್ಟಿನ ಮೇಲೆ ಅವನು ಕೂತ ಗುರುತು ಹಾಗೇ ಇತ್ತು. ನಾನು ಅದರ ಪಕ್ಕ ಕೂತೆ. ಎಲ್ಲಕ್ಕೂ ಕಾರಣ ಹುಡುಕುವ ನನ್ನ ತಲೆ ಅವತ್ತು ಒಂದು ಕಾರಣವನ್ನೂ ಕೊಡಲಿಲ್ಲ.

ಶಿವರಾತ್ರಿ ಕಾಯದೆ ಬಂಗಾರೆವ್ವ ತನ್ನ ಮನೆಗೆ ಹೋದಳು. ಅಕ್ಕ ಕೂಸನ್ನು ಕರೆದುಕೊಂಡು ಗಂಡನ ಮನೆ ಸೇರಿದಳು. ಕೂಸು ಈಗ ಗುಂಡಗೆ ಇದೆ. ಅದು ಬದುಕಿತು ಎಂಬುದನ್ನು ನಾನು ಮರೆತಿಲ್ಲ. ಮತ್ತೆ ಅದೇ ದಿನ ಬಂದರೆ ಬೇರೆ ಏನು ಮಾಡುತ್ತಿದ್ದೆವು ಎಂದು ಕೇಳಿಕೊಂಡರೆ, ಬಂಗಾರೆವ್ವನನ್ನು ಕರೆತರುತ್ತಲೇ ಇದ್ದೆವು. ಅದರಲ್ಲಿ ತಪ್ಪು ಕಾಣುವುದಿಲ್ಲ. ಗೋಡೆ ಬೆಚ್ಚಗಾದ ಮೇಲೂ ಒಬ್ಬ ಮನುಷ್ಯನನ್ನು ಮಾತಾಡಿಸಬಹುದಿತ್ತು, ಅದು ನಮಗೆ ಯಾರಿಗೂ ಹೊಳೆಯಲಿಲ್ಲ. ದಡ್ಡಿ ಎಂದು ನಾವು ನಕ್ಕಿದ್ದ ಆಯಿಯೊಬ್ಬಳು ಮಾತ್ರ ಅದನ್ನು ಬಲ್ಲವಳಾಗಿದ್ದಳು.

ಈ ವರ್ಷ ಗಾಳಿ ಬೇಗ ತಿರುಗಿತು. ಈಗ ಮನೆಯಲ್ಲಿ ಅಪ್ಪನೇ ಹಿರಿಯ. ಅವನಿಗಿನ್ನೂ ಮೀಸೆ ಪೂರ್ತಿ ಬೆಳ್ಳಗಾಗಿಲ್ಲ. ಹೊರಸು ಅವನದಾಗಿದೆ, ಆದರೆ ಅದರ ಮೇಲೆ ಕೂರುವಾಗ ಇನ್ನೂ ಸಂಕೋಚಪಡುತ್ತಾನೆ. ಮನೆ ತಣ್ಣಗಿದೆ. ನಿಂಬೆವ್ವ ಒಂದೆರಡು ಸಲ ಬಂದು ಗೋಡೆ ಮುಟ್ಟಿ, “ಬಂಗಾರೆವ್ವ ಈ ಸಲ ಖಾಲಿ ಅದಾಳಂತ,” ಎಂದಳು. ಅಪ್ಪ ತಲೆಯೆತ್ತದೆ, “ಬ್ಯಾಡ,” ಎಂದ. ಅವ್ವ ಅವನಿಗೆ ಇನ್ನೊಂದು ಕೌದಿ ತಂದು ಹೊದಿಸಿದಳು.

ಇವತ್ತು ಬೆಳಗ್ಗೆ ಅವ್ವನ ಕೈಯಿಂದ ಚಾ ಇಸಿದುಕೊಂಡು ನಾನೇ ಪಡಸಾಲೆಗೆ ಬಂದೆ. ಹೊಸ್ತಿಲ ಹತ್ತಿರ ಕೈ ತಾನಾಗಿ ಗೋಡೆಯ ಕಡೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ. ಅಪ್ಪ ಹೊರಸಿನ ಮೇಲೆ ಕೌದಿ ಹೊದ್ದು, ಬಾಗಿಲ ಹತ್ತಿರದ ಖಾಲಿ ನೆಲವನ್ನು ನೋಡುತ್ತ ಕೂತಿದ್ದ. ಲೋಟ, ಬಸಿ ಅವನ ಕೈಗೆ ಕೊಟ್ಟೆ. ಎಷ್ಟು ಸಣ್ಣ ಮಾತು, ಆದರೂ ಅದನ್ನು ಆಡಲು ನನಗೆ ಎಲ್ಲಿಲ್ಲದ ನಾಚಿಕೆ.

“ಅಪ್ಪಾ, ಥಂಡಿ ಆಗೇತೇನು?”

ಅವನು ತಟ್ಟನೆ ಮುಖ ಎತ್ತಿದ. “ನಂಗೇನ ಥಂಡಿ ಇಲ್ಲ,” ಎಂದ.

ನಾನು ಹೋಗಲಿಲ್ಲ, ಅಲ್ಲೇ ನಿಂತೆ. ಅವನು ಚಾ ಬಸಿಗೆ ಹಾಕಿಕೊಂಡ. ಸ್ವಲ್ಪ ನೆಲಕ್ಕೆ ಚೆಲ್ಲಿತು.

“ಆಗೇತೋ ತಮ್ಮಾ,” ಎಂದ ಆಮೇಲೆ. “ಭಾಳ ಆಗೇತಿ.”

ನಾನು ಹೊರಸಿನ ಅಂಚಿನಲ್ಲಿ ಕೂತೆ. ಅವನು ಕೌದಿಯ ಒಂದು ತುದಿಯನ್ನು ನನ್ನ ಕಡೆ ಎಸೆದ. ಇಬ್ಬರೂ ಹಾಗೇ ಕೂತಿದ್ದೆವು. ಆಮೇಲೆ ಗೋಡೆ ಬೆಚ್ಚಗಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಮುಟ್ಟಿ ನೋಡಲಿಲ್ಲ.